ಹದಿಮೂರಕ್ಕೆ ಹನ್ನೆರಡು

ದಸರೆ ಕಳೆದು ಭೂಮಿ ಹುಣ್ಣಿಮೆ ಹತ್ತಿರವಾಯಿತೆಂದರೆ ಬಿದರಕೊಪ್ಪದ ಲೋಕಮ್ಮನನ್ನು ಹಿಡಿಯುವವರೇ ಇಲ್ಲ. ತೆನೆ ಕಟ್ಟುವ ಗದ್ದೆ ಎಂದರೆ ಬಸುರಿ. ಬಸುರಿಗೆ ಬಯಕೆ ಊಟ ಹಾಕಬೇಕು. ಆ ಊಟ ಹೊತ್ತು ಹೋಗುವ ಬುಟ್ಟಿ ಬರೀ ಬುಟ್ಟಿಯಾದರೆ ಭೂಮ್ತಾಯಿ ಮುಖ ತಿರುಗಿಸದೆ ಇರುತ್ತಾಳೆಯೆ? ಬಿದಿರ ಬುಟ್ಟಿಗೆ ಸೆಗಣಿ ಬಳಿದು, ಒಣಗಿದ ಮೇಲೆ ಕೆಮ್ಮಣ್ಣು ಹಚ್ಚಿ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಲ್ಲಿ ಚಿತ್ತಾರ ಬರೆಯಬೇಕು. ಏಣಿ, ಬೇಲಿ, ಸಸಿಮಡಿ, ಜೋಡೆತ್ತಿನ ಗಾಡಿ. ಸೊರಬದ ಸೀಮೆಯಲ್ಲಿ ಬುಟ್ಟಿ ಬರೆಯುವ ಹೆಂಗಸರು ಬೇಕಾದಷ್ಟಿದ್ದಾರೆ. ಆದರೆ ಲೋಕಮ್ಮನ ಗೆರೆ ಎಳೆದರೆ ನೂಲು ಹಿಡಿದ ಹಾಗೆ. ಕೇರಿಯ ಹುಡುಗಿಯರು ಬಂದು ಸುತ್ತ ಕೂತು ನೋಡುತ್ತಾರೆ. ಅವಳ ಬಲಗೈ ಆಗ ಯಾರ ಮಾತನ್ನೂ ಕೇಳುವುದಿಲ್ಲ.

ಬುಟ್ಟಿ ಬರೆಯುವವರು ಹೆಂಗಸರು. ಸೊಪ್ಪು ಕೊಯ್ದು ತರುವವರು, ಕಡುಬು ಬೇಯಿಸುವವರು, ಬುಟ್ಟಿ ತುಂಬುವವರು ಹೆಂಗಸರು. ಗಂಡಸರು ಅದನ್ನು ತಲೆಯ ಮೇಲಿಟ್ಟುಕೊಂಡು ಗದ್ದೆಗೆ ಹೋಗಿ, ಭೂಮ್ತಾಯೀ ಉಂಡು ಹೋಗು ಅಂತ ಕೂಗಿ ಚರಗ ಚೆಲ್ಲಿ, ಎಂದರೆ ಆ ಊಟವನ್ನು ಪೈರಿನ ಮೇಲೆ ಎರಚಿ, ಬರುತ್ತಾರೆ. ಬಸುರಿಯ ಬಯಕೆ ತೀರಿಸಿದ ಪುಣ್ಯವೂ ಅವರಿಗೇ. ಲೋಕಮ್ಮ ಇದರ ಬಗ್ಗೆ ತಕರಾರು ಮಾಡಿದವಳಲ್ಲ. ಅವಳಿಗೆ ಬುಟ್ಟಿ ಬರೆಯಲು ಬಿಟ್ಟರೆ ಸಾಕಾಗಿತ್ತು. ವರ್ಷದಲ್ಲಿ ಆ ನಾಲ್ಕು ದಿನ ಮಾತ್ರ ಅವಳು ಮನೆಯಲ್ಲಿ ಕೂತು ಮಾಡುವ ಕೆಲಸವನ್ನು ಮನೆಯವರು ಕೆಲಸ ಎಂದು ಒಪ್ಪಿಕೊಳ್ಳುತ್ತಿದ್ದರು.

ಈ ಸಲ ಹೊಸ ಬುಟ್ಟಿ. ದಸರೆಯ ಮರುದಿನ ಸೆಗಣಿ ಬಳಿಯುವಾಗ ಹೆಣಿಗೆಯಿಂದ ಎದ್ದಿದ್ದ ಬಿದಿರಿನ ಸಿಬಿರೊಂದು ಬಲಗೈ ಮಣಿಕಟ್ಟಿನ ಮೇಲೆ ಹೊಕ್ಕಿತು. ಲೋಕಮ್ಮ ಹಲ್ಲಿನಲ್ಲಿ ಕಚ್ಚಿ ಎಳೆದು, ಪಕ್ಕಕ್ಕೆ ಉಗಿದು, ಮತ್ತೆ ಸೆಗಣಿಗೆ ಕೈ ಹಾಕಿದಳು. ಅದಾದ ಮೇಲೆ ಕೆಮ್ಮಣ್ಣು. ಬುಟ್ಟಿಗೆ ಎರಡು ಸುತ್ತು ಹಚ್ಚುವಷ್ಟರಲ್ಲಿ ಅವಳ ಕೈಗೂ ಮೊಣಕೈವರೆಗೆ ಎರಡು ಸುತ್ತಾಗಿತ್ತು. ಕೆಮ್ಮಣ್ಣಿನ ಬಣ್ಣ ಒಂದು ತೊಳೆತಕ್ಕೆ ಹೋಗುವಂಥದ್ದಲ್ಲ. ಹಬ್ಬದ ವಾರ ಊರ ಹೆಂಗಸರ ಕೈಗಳೆಲ್ಲ ಕೆಂಪೇ. ಯಾರ ಕೈ ಯಾಕೆ ಕೆಂಪಾಗಿದೆ ಎಂದು ಯಾರೂ ಕೇಳುವುದಿಲ್ಲ.

ಎರಡನೆಯ ದಿನಕ್ಕೆ ಕೈ ಸೆಳೆಯತೊಡಗಿತು. ಲೋಕಮ್ಮ ಅರಿಶಿನ ಹಚ್ಚಿದಳು. ಸೆಳೆತ ನಿಲ್ಲಲಿಲ್ಲ. ಅಂಗಡಿಯಿಂದ ಮೈಕೈ ನೋವಿನ ಗುಳಿಗೆ ತರಿಸಿ ನುಂಗಿದಳು. ಸ್ವಲ್ಪ ತಡೆಯಿತು. ಮತ್ತೊಂದು ನುಂಗಿದಳು. ಗುಳಿಗೆ ಜ್ವರವನ್ನೂ ಹಿಡಿದಿಟ್ಟಿತು. ಹಾಗಾಗಿ ಮೈ ಮುಟ್ಟಿ ನೋಡಿದವರಿಗೂ ಏನೂ ತಿಳಿಯುವಂತಿರಲಿಲ್ಲ. ಮುಟ್ಟಿ ನೋಡಿದವರು ಯಾರೂ ಇಲ್ಲ ಅನ್ನಿ.

ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ, ಗಾಡಿಯ ಎರಡನೇ ಗಾಲಿ ಬರೆಯುತ್ತಿದ್ದಾಗ ಕುಂಚ ಕೈಯಿಂದ ಜಾರಿ ಬಿತ್ತು. ಲೋಕಮ್ಮ ಅದನ್ನೆತ್ತಲು ಹೋದಳು. ಬೆರಳು ಬಗ್ಗಲಿಲ್ಲ.

ಜಗುಲಿಯಲ್ಲಿ ಬೀಡಿ ಹಚ್ಚುತ್ತಿದ್ದ ಗಂಡ ಹೂವಪ್ಪ ನೋಡಿದ. "ಏನೇ ಅದು, ಗಾಲಿ ಒಂದೇ ಬರ್ದು ನಿಲ್ಲಿಸಿದೀಯ? ಒಂಟಿ ಗಾಲಿ ಗಾಡಿ ಎಲ್ಲಿಗೆ ಹೋಗ್ತತೆ?"

"ಕೈ ಯಾಕೋ ಕೇಳಂಗಿಲ್ಲ ಕಣ್ರೀ."

"ಸಿಬಿರು ಚುಚ್ಚಿದ್ದಕ್ಕಾ? ನಂಗೆ ಗುದ್ಲಿ ಬಿದ್ದಾಗ್ಲೂ ನಾನು ಹಿಂಗೆ ಮಾಡ್ಲಿಲ್ಲ."

ಅದು ಸುಳ್ಳು. ಗುದ್ದಲಿ ಬಿದ್ದಾಗ ಹೂವಪ್ಪ ಒಂದು ವಾರ ಮಂಚದಿಂದಿಳಿದಿರಲಿಲ್ಲ. ಲೋಕಮ್ಮನೇ ಬಿಸಿನೀರು, ಗಂಜಿ, ಬೀಡಿ ಎಲ್ಲವನ್ನೂ ಅಲ್ಲಿಗೇ ಒಯ್ದು ಕೊಟ್ಟಿದ್ದಳು. ಆದರೆ ಅದನ್ನು ನೆನಪಿಸುವಷ್ಟು ತ್ರಾಣ ಅವಳಲ್ಲಿ ಆಗ ಇರಲಿಲ್ಲ.

ಸೊಸೆ ನಾಗಶ್ರೀ ಕೆಲಸಕ್ಕೆ ಹೊರಟು ಬಾಗಿಲಿಗೆ ಬಂದಿದ್ದಳು. ಅವಳು ಶಿರಾಳಕೊಪ್ಪದ ಒಂದು ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ಟೆಕ್ನಿಷಿಯನ್. ಬೆಳಿಗ್ಗೆ ರೊಟ್ಟಿ ತಟ್ಟಿಟ್ಟು ಸ್ಕೂಟಿ ಹತ್ತುತ್ತಾಳೆ, ಸಂಜೆ ಬಂದು ಪಾತ್ರೆ ತಿಕ್ಕುತ್ತಾಳೆ, ನಡುವಿನದೆಲ್ಲ ಅತ್ತೆಯದು. ಇಬ್ಬರೂ ಸೇರಿ ಮನೆಯನ್ನು ಹೀಗೆ ಎರಡು ತುದಿಯಿಂದ ಎತ್ತಿ ಹಿಡಿದಿದ್ದರಿಂದಲೇ ಹೂವಪ್ಪನಿಗೂ ಮಗ ರಾಹುಲನಿಗೂ ಮನೆ ಭಾರ ಇದೆಯೆಂಬುದೇ ಗೊತ್ತಿರಲಿಲ್ಲ.

"ಎಲ್ಲಿ ತೋರ್ಸಿ ಅತ್ತೆ."

ನಾಗಶ್ರೀ ಚೊಂಬಿನಲ್ಲಿ ನೀರು ತಂದು ಕೈ ತೊಳೆದಳು. ಸೋಪು ಹಾಕಿ ಮೆಲ್ಲಗೆ ಸವರಿದಳು. ಎಡಗೈಯ ಕೆಮ್ಮಣ್ಣು ಬಿಟ್ಟಿತು. ಬಲಗೈಯದು ಬಿಡಲಿಲ್ಲ. ಮತ್ತೆ ಸೋಪು ಹಾಕಿದಳು. ಸಿಬಿರು ಚುಚ್ಚಿದ ಜಾಗ ಸಾಸಿವೆ ಕಾಳಿನಷ್ಟು. ಸುತ್ತ ಅಷ್ಟೇನೂ ಊತ ಇಲ್ಲ. ಆದರೆ ಅಲ್ಲಿಂದ ಒಂದು ಗೇಣು ಮೇಲೆ, ಚರ್ಮ ನೋಡಲು ಚೆನ್ನಾಗಿಯೇ ಇದ್ದ ಕಡೆ ಬೆರಳು ತಾಕಿದ್ದೇ ತಡ, ಲೋಕಮ್ಮ ಕಿಟಾರನೆ ಕಿರುಚಿದಳು. ಕೊಟ್ಟಿಗೆಯಲ್ಲಿ ಎಮ್ಮೆ ಎದ್ದು ನಿಂತಿತು.

ಹೆರಿಗೆ ನೋವಿನಲ್ಲೂ ಸೊಲ್ಲೆತ್ತದವಳು ಎಂದು ಊರೆಲ್ಲ ಹೊಗಳುವ ಅತ್ತೆ! ನಾಗಶ್ರೀಯ ಮುಖ ಬದಲಾಯಿತು.

"ಹತ್ತಿ ಸ್ಕೂಟಿ."

"ಹುಚ್ಚಿ, ನಾಳೆ ಹಬ್ಬ! ಸೊಪ್ಪು ಕೊಯ್ಯೋದೈತೆ, ಅಕ್ಕಿ ನೆನೆ ಹಾಕೋದೈತೆ..."

"ಕಾಣೋದಕ್ಕಿಂತ ನೋವು ಜಾಸ್ತಿ ಇದ್ರೆ ಬಿಡ್ಬಾರ್ದು ಅಂತ ನಮ್ ಡಾಕ್ಟ್ರು ಸಾವಿರ ಸಲ ಹೇಳಿದಾರೆ. ಹತ್ತಿ ಅಂದ್ರೆ ಹತ್ತಿ."

ಬರೀ ತನ್ನ ಕೈಗಾಗಿ ಮನೆ ಬಿಟ್ಟು ಹೋಗುವುದು ಲೋಕಮ್ಮನಿಗೆ ಗೊತ್ತಿರಲಿಲ್ಲ. ನಿಂತಲ್ಲೇ ಒಂದು ನೆವ ಹುಡುಕಿದಳು. "ಕಡುಬಿಗೆ ಸೌತೆಕಾಯಿ ಇಲ್ಲ ಕಣ್ರೀ, ಶಿರಾಳಕೊಪ್ಪಕ್ಕೆ ಹೋಗಿ ತಗಂಡು ಈಗ ಬಂದೆ," ಎಂದು ಗಂಡನಿಗೆ ಹೇಳಿ, ಕೈಚೀಲವನ್ನು ಎಡಗೈಗೆ ಸಿಕ್ಕಿಸಿಕೊಂಡು, ಸೊಸೆಯ ಹಿಂದೆ ಕೂತಳು. ಹಬ್ಬದ ಸೌತೆಕಾಯಿ ಎಂದ ಮೇಲೆ ಹೂವಪ್ಪನದು ಚಕಾರ ಇಲ್ಲ.

ನರ್ಸಿಂಗ್ ಹೋಮಿನ ಡಾಕ್ಟರ್ ಶರಣ್ಯ ಶಿಕಾರಿಪುರದ ವ್ಯಾಪಾರಸ್ಥರ ಮನೆಯ ಹುಡುಗಿ. ನಗುತ್ತಲೇ ಮಾತಾಡುವವಳು. ಆವತ್ತು ನಗಲಿಲ್ಲ. ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಕೈ ಒರೆಸಿದಳು. ಕೆಮ್ಮಣ್ಣಿನ ಕೊನೆಯ ಪದರವೂ ಹೋಯಿತು. ಅದರ ಕೆಳಗೆ ಇನ್ನೊಂದು ಕೆಂಪು ಇತ್ತು. ಮಂಕು ಕೆಂಪು, ಅಲ್ಲಲ್ಲಿ ನೇರಳೆಯ ಛಾಯೆ. ಬುಟ್ಟಿಯ ಬಣ್ಣವೆಂದು ಮನೆಮಂದಿಯೆಲ್ಲ ತಿಳಿದದ್ದು ಚರ್ಮದ ಬಣ್ಣವೇ ಆಗಿತ್ತು.

"ಎಷ್ಟು ದಿನ ಆಯ್ತ್ರೀ ಅಮ್ಮಾ ಇದು?"

"ಏನಿಲ್ಲ ಡಾಕ್ಟ್ರೆ. ಸಣ್ಣ ಸಿಬಿರು."

"ಸಣ್ಣದೋ ದೊಡ್ಡದೋ ನಾನು ಹೇಳ್ತೀನಿ. ನೋವು ಎಷ್ಟಿದೆ ಅದನ್ನ ನೀವು ಹೇಳ್ರೀ."

ಎಷ್ಟಿದೆ! ಈ ಪ್ರಶ್ನೆಯನ್ನು ಲೋಕಮ್ಮನಿಗೆ ಈವರೆಗೆ ಯಾರೂ ಕೇಳಿರಲಿಲ್ಲ. ಅಳೆಯುವ ಮಾಪು ಅವಳ ಬಳಿ ಇರಲಿಲ್ಲ. "ತಡ್ಕಬೋದು," ಎಂದಳು. ಎನ್ನುತ್ತಿದ್ದ ಹಾಗೇ ಹಣೆಯಲ್ಲಿ ಬೆವರು ಒಡೆಯಿತು.

ಶರಣ್ಯ ಸೊಸೆಯ ಕಡೆ ತಿರುಗಿದಳು. "ನಾಗಶ್ರೀ, ಬ್ಲಡ್ ತಗೊಳ್ಳಮ್ಮ. ಸಿ.ಆರ್.ಪಿ., ಬಿಳಿ ಕಣ, ಹಿಮೋಗ್ಲೋಬಿನ್, ಸೋಡಿಯಂ, ಕ್ರಿಯಾಟಿನಿನ್, ಶುಗರ್. ಆರೂ ಬೇಕು, ಈಗ್ಲೇ ಬೇಕು. ಅಲ್ಲಿವರೆಗೆ ನಾನು ಡ್ರಿಪ್ಪಲ್ಲಿ ಆಂಟಿಬಯೋಟಿಕ್ ಶುರು ಮಾಡ್ತೀನಿ."

ಶಿರಾಳಕೊಪ್ಪದ ಅರ್ಧ ಊರಿನ ರಕ್ತ ತೆಗೆದಿದ್ದ ನಾಗಶ್ರೀ ತನ್ನ ಅತ್ತೆಯ ರಕ್ತ ತೆಗೆದದ್ದು ಅದೇ ಮೊದಲು. ಎಡಗೈಯ ನರ ಎರಡನೇ ಸಲಕ್ಕೆ ಸಿಕ್ಕಿತು. ಲೋಕಮ್ಮ ಮಾತ್ರ ಬಗ್ಗಿ ನೋಡುತ್ತಿದ್ದಳು. ಸಣ್ಣ ಕೊಳವೆಯೊಳಗೆ ರಕ್ತ ಬುಳುಬುಳು ಏರಿದ್ದನ್ನು ಕಂಡು ನೋವನ್ನೂ ಮರೆತು, "ಅಬ್ಬಾ, ನನ್ದೂ ಇಷ್ಟು ಕೆಂಪಗೈತಲ್ಲೇ! ಬರೀ ಸಾರಿನ ನೀರಿರ್ತತೆ ಅಂದ್ಕಂಡಿದ್ದೆ," ಎಂದಳು.

ಲ್ಯಾಬು ಪಕ್ಕದ ಕೋಣೆಯಲ್ಲೇ. ಬಾಗಿಲು ತೆರೆದಿತ್ತು. ಮಲಗಿದಲ್ಲಿಂದ ಲೋಕಮ್ಮನಿಗೆ ಯಂತ್ರ ಗಿರಗಿರ ತಿರುಗುವುದು ಕಾಣುತ್ತಿತ್ತು. ಸೊಸೆ ಒಳಗೆ ಓಡಾಡುವುದನ್ನು ಅವಳು ಕಣ್ಣು ಕೀಳದೆ ನೋಡಿದಳು. ಮನೆಯಲ್ಲಿ ಸೆರಗು ಸಿಕ್ಕಿಸಿಕೊಂಡು ಪಾತ್ರೆ ತಿಕ್ಕುವ ಹುಡುಗಿಯೇ ಇವಳು? ಇಲ್ಲಿ ಬಿಳಿ ಕೋಟು, ಕೈಗವಸು, ಒಂದು ಗುಂಡಿ ಒತ್ತಿದರೆ ಯಂತ್ರ ಎದ್ದು ಕೂರುತ್ತದೆ!

"ನಾಗೂ, ಏನು ಮಾಡ್ತತೆ ಅದು?"

"ನಿಮ್ಮ ರಕ್ತನ ಮಾತಾಡಿಸ್ತಾ ಐತೆ ಅತ್ತೆ."

"ಏನಂತ?"

"ತಡೀರಿ, ಬಾಯಿ ಬಿಡ್ತಾ ಐತೆ ಈಗ." ನಾಗಶ್ರೀ ಬಾಗಿಲಿಗೆ ಬಂದಳು. "ಮೈಯೊಳಗೆ ಎಲ್ಲಾದ್ರೂ ಸೋಂಕು ಹತ್ತಿದ್ರೆ ನಮ್ಮ ಲಿವರ್ ಒಂದು ವಸ್ತುನ ರಕ್ತಕ್ಕೆ ಬಿಡ್ತತೆ. ಅದೇ ಸಿ.ಆರ್.ಪಿ. ಊರಲ್ಲಿ ಬೆಂಕಿ ಬಿದ್ರೆ ಡಂಗುರ ಹೊಡೆಯಲ್ವಾ, ಹಂಗೆ. ಸಣ್ಣ ಗಾಯಕ್ಕೆ ಸಣ್ಣ ಡಂಗುರ..."

ಯಂತ್ರ ಕಿಣ್ ಎಂದಿತು. ಅವಳು ಒಳಗೋಡಿದಳು. ಪರದೆಯ ಅಂಕಿಯನ್ನು ಎರಡು ಸಲ ಓದಿದಳು.

"ಏನೇ? ಎಷ್ಟು ಡಂಗುರ?"

ನಾಗಶ್ರೀ ನೇರ ಶರಣ್ಯಳ ಬಳಿಗೆ ಹೋದಳು. ಇಬ್ಬರೂ ಮಂಚದ ಪಕ್ಕಕ್ಕೆ ಬಂದು ನಿಂತರು. ಸಿ.ಆರ್.ಪಿ. ಇನ್ನೂರು ದಾಟಿತ್ತು. ಆರೋಗ್ಯವಂತರಲ್ಲಿ ಅದು ಹತ್ತನ್ನೂ ಮುಟ್ಟುವುದಿಲ್ಲ. ಬಿಳಿ ಕಣ ಇಪ್ಪತ್ತೆರಡು ಸಾವಿರ. ಸೋಡಿಯಂ ಇಳಿದಿತ್ತು. ಕ್ರಿಯಾಟಿನಿನ್ ಏರಿತ್ತು, ಎಂದರೆ ಕಿಡ್ನಿಗಳು ಸುಸ್ತಾಗತೊಡಗಿದ್ದವು. ಶುಗರ್ ಮುನ್ನೂರರ ಹತ್ತಿರ.

"ಶುಗರ್ ಯಾವಾಗಿಂದ ಇದೇರೀ?"

"ನಂಗೆಲ್ಲಿ ಸಕ್ಕರೆ? ಮನೇಲಿ ಇರೋದು ನಮ್ಮ ಯಜಮಾನ್ರಿಗೆ. ಮೂರು ತಿಂಗಳಿಗೊಂದ್ಸಲ ಇವಳೇ ಚೆಕ್ ಮಾಡ್ತಾಳಲ್ಲ."

ಮಾವನ ಶುಗರನ್ನು ತಪ್ಪದೆ ನೋಡುತ್ತಿದ್ದ ನಾಗಶ್ರೀ ನೆಲ ನೋಡಿದಳು.

"ಹಿಮೋಗ್ಲೋಬಿನ್ ಹತ್ತೂ ಇಲ್ಲ," ಎಂದಳು ಶರಣ್ಯ. "ಇದು ಎರಡು ದಿನದ ಸೋಂಕು ಮಾಡಿದ್ದಲ್ಲ. ಇದು ವರ್ಷಗಟ್ಟಲೆ ಎಲ್ಲರ ಊಟ ಆದ್ಮೇಲೆ ಉಂಡಿದ್ದು." ಮಂಚದ ಅಂಚಿನಲ್ಲಿ ಕೂತು ಬೆರಳು ಮಡಚತೊಡಗಿದಳು. "ನೋಡ್ರೀ ಅಮ್ಮಾ. ಈ ಆರು ಪರೀಕ್ಷೆಗೂ ಇಷ್ಟಿಷ್ಟು ಅಂತ ಅಂಕ ಇರುತ್ತೆ. ಕೂಡಿದ್ರೆ ಒಟ್ಟು ಹದಿಮೂರು. ಆರಕ್ಕೆ ಬಂದ್ರೆ ನಮಗೆ ಅನುಮಾನ. ಎಂಟಾದ್ರೆ ಭಾಳ ಅನುಮಾನ. ನಿಮ್ದು ಹನ್ನೆರಡು."

"ಹದಿಮೂರಕ್ಕೆ ಹನ್ನೆರಡಾ?" ಲೋಕಮ್ಮನ ಕಣ್ಣರಳಿತು. "ನಮ್ಮ ರಾಹುಲ ಶಾಲೇಲಿ ಯಾವತ್ತೂ ಇಷ್ಟು ತಗಂಡಿಲ್ಲ!"

ನಾಗಶ್ರೀಗೆ ಅಳುವೂ ನಗುವೂ ಒಟ್ಟಿಗೆ ಬಂತು. ಶರಣ್ಯಳೂ ಅಷ್ಟು ಹೊತ್ತಿನಲ್ಲಿ ಮೊದಲ ಸಲ ನಕ್ಕು, ತಕ್ಷಣ ನಗುವನ್ನು ಒಳಗೆಳೆದುಕೊಂಡಳು. "ಈ ಪರೀಕ್ಷೇಲಿ ಕಮ್ಮಿ ತಗೊಂಡೋರೇ ಪಾಸು. ಇನ್ನೊಂದು ಮಾತು. ಅಂಕ ಕಮ್ಮಿ ಬಂದಿದ್ರೂ ಈ ನೋವು ನೋಡಿ ನಾನು ನಿಮ್ಮನ್ನ ಮನೆಗೆ ಕಳಿಸ್ತಿರಲಿಲ್ಲ. ಎಷ್ಟೋ ಸಲ ರಕ್ತ ತಡವಾಗಿ ಹೇಳುತ್ತೆ. ನಿಮ್ಮದು ನೋವೂ ಹೇಳ್ತಿದೆ, ರಕ್ತಾನೂ ಹೇಳ್ತಿದೆ. ಚರ್ಮದ ಕೆಳಗಿನ ಪದರ ಸಾಯ್ತಾ ಇರಬೇಕು, ಮೇಲಕ್ಕೆ ಹರೀತಾ ಇರಬೇಕು. ಕೊಯ್ದು ನೋಡಿದ್ರೇ ಖಾತ್ರಿ. ಇವತ್ತೇ ಶಿವಮೊಗ್ಗಕ್ಕೆ ಹೋದ್ರೆ ಕೈ ಉಳಿಬಹುದು. ನಾಳೆ ಅಂದ್ರೆ ಕೈ ಉಳಿಯೋದು ಕಷ್ಟ. ನಾಡಿದ್ದು ಅಂದ್ರೆ ನೀವೇ."

ಕೈ ಉಳಿಯೋದು ಕಷ್ಟ. ಬಲಗೈ! ಲೋಕಮ್ಮ ಅದನ್ನು ನೋಡಿಕೊಂಡಳು. ದಿಂಬಿನ ಮೇಲೆ ಯಾರದೋ ಸಾಮಾನಿನ ಹಾಗೆ ಬಿದ್ದಿತ್ತು.

ನಾಗಶ್ರೀ ಆಗಲೇ ಮಾವನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿದ್ದಳು. ವಿಷಯ ಕೇಳಿ ಹೂವಪ್ಪ ಗುಡುಗಿದ.

"ಆಪರೇಷನ್ನಾ? ಸಿಬಿರಿಗಾ? ಉಗುರಲ್ಲಿ ಹೋಗೋದಕ್ಕೆ ಕೊಡ್ಲಿ ತಗಂತಾರಾ ಯಾರಾದ್ರೂ?"

"ಉಗುರಲ್ಲಿ ಹೋಗೋ ಕಾಲ ಮುಗೀತು ಮಾವ."

"ನಾಳೆ ಒಂದಿನ ಕಳೀಲವ್ವಾ. ಹಬ್ಬ ಬಿಡಾಕಾಗ್ತತಾ? ಚರಗ ಚೆಲ್ಲಿ ಬಂದ ತಕ್ಷಣ ನಾನೇ ಕರ್ಕಂಡು ಹೋಗ್ತೀನಿ. ಎಲ್ಲಿ, ನಿಮ್ಮತ್ತೆಗೆ ಕೊಡು. ಏ ಲೋಕೀ, ತಡ್ಕಂತೀಯಲ್ಲೇ ಒಂದಿನ?"

ತಡೆದುಕೊಳ್ಳುವುದು! ಆ ಒಂದು ವಿದ್ಯೆಯಲ್ಲಿ ಲೋಕಮ್ಮನನ್ನು ಮೀರಿಸುವವರಿರಲಿಲ್ಲ. ಉಡುತಡಿಯ ತವರಿನಿಂದ ಬಂದ ವರ್ಷವೇ ಬಸುರಿನಲ್ಲಿ ನಾಟಿ ಗದ್ದೆಯಲ್ಲಿ ನಿಂತಿದ್ದಳು. ನೂರಮೂರು ಜ್ವರದಲ್ಲಿ ಮಗನ ಮದುವೆಯ ಅಡಿಗೆಗೆ ನಿಂತಿದ್ದಳು. ಸೊಂಟ ಹಿಡಿದರೆ, ತಲೆ ಸಿಡಿದರೆ, ಯಾರಾದರೂ ಕೇಳಿದರೆ ಏನಿಲ್ಲ ಎಂದಿದ್ದಳು. ಹೇಳಿ ಹೇಳಿ ಅವಳಿಗೇ ನಂಬಿಕೆ ಬಂದುಬಿಟ್ಟಿತ್ತು. ಈಗಲೂ "ಹೂಂ" ಎನ್ನಲು ಬಾಯಿ ತೆರೆದಳು. ಬಾಯಿ ತೆರೆದವಳ ಕಣ್ಣು ಲ್ಯಾಬಿನ ಪರದೆಯ ಮೇಲೆ ಹೋಯಿತು. ಅಂಕಿ ಓದುವಷ್ಟು ಅಕ್ಷರ ಅವಳಿಗೆ ಬರುತ್ತಿತ್ತು. ಅವಳು ಏನಿಲ್ಲ, ಏನಿಲ್ಲ ಎನ್ನುತ್ತಿದ್ದ ಹೊತ್ತಿಗೆಲ್ಲ ಒಳಗಿನ ಈ ರಕ್ತ ಡಂಗುರ ಹೊಡೆಯುತ್ತಲೇ ಇತ್ತಲ್ಲ! ಅವಳ ಗಂಡನಿಗೆ ಹೆದರದೆ, ಹಬ್ಬಕ್ಕೆ ಕಾಯದೆ, ಅವಳಿಗೇ ಹೇಳದೆ ಹೊಡೆಯುತ್ತಿತ್ತು. ಮೈಯಲ್ಲಿ ಒಂದು ಥರದ ಝುಮ್ಮು ಹತ್ತಿತು. ಜ್ವರದ್ದಲ್ಲ, ಬೇರೆಯದು.

"ತಡ್ಕಳಲ್ಲ," ಎಂದಳು.

"ಆಂ?"

"ನಂಗೆ ನೋವಾಗ್ತತೆ ಕಣ್ರೀ. ಭಾಳ ನೋವಾಗ್ತತೆ. ನಾನು ಹೋಗ್ತಿದೀನಿ."

ಫೋನಿನ ಆ ತುದಿಯಲ್ಲಿ ಹೂವಪ್ಪನ ದನಿ ಇಳಿಯಿತು. "ಮತ್ತೆ... ನಾಳೆ ಅಡಿಗೆ ಯಾರು ಮಾಡ್ತಾರೆ?"

"ಕೈ ಇರೋರು ಮಾಡ್ಲಿ," ಎಂದಳು ಲೋಕಮ್ಮ.

ನರ್ಸಿಂಗ್ ಹೋಮಿನ ಆಂಬ್ಯುಲೆನ್ಸಿನ ಡ್ರೈವರ್ ಮಾಳೇಶ ಹಬ್ಬಕ್ಕೆಂದು ಮನೆಗೆ ಹೊರಟವನು ಅರ್ಧ ದಾರಿಯಿಂದ ತಿರುಗಿ ಬಂದ. ಶರಣ್ಯ ಶಿವಮೊಗ್ಗದ ಸರ್ಜನ್ನರಿಗೆ ಫೋನಿನಲ್ಲಿ ಆರೂ ಅಂಕಿಗಳನ್ನು ಒಂದೇ ಉಸಿರಿಗೆ ಹೇಳಿದಳು. ಆ ಕಡೆಯವರು ಹೆಚ್ಚು ಕೇಳಲಿಲ್ಲ. ಥಿಯೇಟರ್ ಸಿದ್ಧ ಮಾಡಿಸುತ್ತೇವೆ, ನಿಲ್ಲದೆ ಬನ್ನಿ ಎಂದರು.

ಗಾಡಿ ಹೊರಟಿತು. ಸೈರನ್ ಕೂಗಿದ್ದೇ ಕೂಗಿದ್ದು. ಜೋಳದ ಲಾರಿಗಳು ಪಕ್ಕಕ್ಕೆ ಸರಿದವು, ಕುರಿಯ ಹಿಂಡು ಇಬ್ಭಾಗವಾಯಿತು. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಮುಂದೆ ಹಬ್ಬದ ಹೂವಿನ ರಾಶಿಯ ನಡುವೆ ಸಿಕ್ಕಿಕೊಂಡಾಗ ಮಾಳೇಶ ತಲೆ ಹೊರಗೆ ಹಾಕಿ, "ದಾರಿ ಬಿಡ್ರಪ್ಪೋ! ಒಳಗೆ ಹನ್ನೆರಡು ಮಾರ್ಕ್ಸಿನ ಕೇಸೈತೆ!" ಎಂದು ಅರಚಿದ. ಯಾರಿಗೂ ಅರ್ಥವಾಗಲಿಲ್ಲ. ಆದರೂ ಎಲ್ಲರೂ ಬಿಟ್ಟರು.

ಲೋಕಮ್ಮನಿಗೆ ಮೈ ಸುಡುತ್ತಿತ್ತು. ಆದರೂ ಕಿಟಕಿಯಲ್ಲಿ ಓಡುವ ಮರಗಳನ್ನು ನೋಡುತ್ತ, "ನಾಗೂ, ನನ್ನ ಸಲುವಾಗಿ ಇಷ್ಟು ಜೋರಾಗಿ ಏನೂ ಓಡಿದ್ದಿಲ್ಲ ಕಣೇ," ಎಂದಳು. ನಾಗಶ್ರೀ ಡ್ರಿಪ್ಪಿನ ಬಾಟಲಿ ಎತ್ತಿ ಹಿಡಿದು, ಮತ್ತೊಂದು ಕೈಯಲ್ಲಿ ಅತ್ತೆಯ ಎಡಗೈ ಹಿಡಿದಿದ್ದಳು.

ಸರ್ಜನ್ ಕೊಯ್ದು ನೋಡಿದರು. ಶರಣ್ಯಳ ಅನುಮಾನ ನಿಜವಾಗಿತ್ತು. ಚರ್ಮದ ಕೆಳಗಿನ ಪದರ ಬೂದುಬಣ್ಣಕ್ಕೆ ತಿರುಗಿ, ಮಣಿಕಟ್ಟಿನಿಂದ ಮೊಣಕೈಯ ಹತ್ತಿರದವರೆಗೆ ಸತ್ತಿತ್ತು. ಸತ್ತದ್ದನ್ನೆಲ್ಲ ಕೆತ್ತಿ ತೆಗೆದು, ಗಾಯವನ್ನು ಹೊಲಿಯದೆ ಬಿಟ್ಟು ಬಟ್ಟೆ ಸುತ್ತಿದರು. ಹೊರಗೆ ಬಂದು ನಾಗಶ್ರೀಗೆ ಹೇಳಿದರು: "ಸ್ನಾಯು ಇನ್ನೂ ಜೀವಂತ ಇದೆ. ಈಗಲೇ ಗೆದ್ದೆವು ಅನ್ನೋಕಾಗಲ್ಲ. ಸಿ.ಆರ್.ಪಿ. ಕೊಯ್ದ ಮರುದಿನ ಏರೋದು ಸಹಜ. ಆಮೇಲೆ ಇಳೀಲೇಬೇಕು. ಇಳೀದಿದ್ರೆ ಒಳಗೆ ಇನ್ನೂ ಏನೋ ಉಳಿದಿದೆ ಅಂತ. ಆಗ ಮತ್ತೆ ಕೊಯ್ಯಬೇಕು. ಎಷ್ಟರವರೆಗೆ ಅಂತ ಈಗ ಹೇಳಲಾರೆ."

ಎಷ್ಟರವರೆಗೆ ಎಂದರೆ ಏನೆಂದು ಲೋಕಮ್ಮನಿಗೆ ಎಚ್ಚರವಾದ ಮೇಲೆ ಯಾರೂ ಬಿಡಿಸಿ ಹೇಳಲಿಲ್ಲ. ಪಕ್ಕದ ಮಂಚದವಳಿಗೆ ಕಾಲು ಮಂಡಿಯ ಕೆಳಗಿರಲಿಲ್ಲ. ಹೇಳುವುದು ಬೇಕಾಗಿರಲಿಲ್ಲ.

ಅಲ್ಲಿಂದ ಶುರುವಾಯಿತು ಬೆಳಗಿನ ಲೆಕ್ಕ. ದಿನಾ ಹೊತ್ತಾರೆ ರಕ್ತ ತೆಗೆಯಲು ಬರುವ ನರ್ಸು ದಿವ್ಯ ಬಾಗಿಲಲ್ಲಿ ಕಂಡರೆ ಸಾಕು, ಲೋಕಮ್ಮ ಎಡಗೈ ಚಾಚಿ ಕೂತಿರುತ್ತಿದ್ದಳು. ಮಿಕ್ಕವರು ಸೂಜಿ ಕಂಡರೆ ಮುಖ ತಿರುಗಿಸುತ್ತಿದ್ದರು. ಇವಳು, "ತಗಾ ನಮ್ಮವ್ವ, ಚೆನ್ನಾಗಿ ಮಾತಾಡ್ಸು ಅದುನ್ನ," ಎನ್ನುತ್ತಿದ್ದಳು. ಮಧ್ಯಾಹ್ನಕ್ಕೆ ಅಂಕಿ ಬರುತ್ತಿತ್ತು. ಮೊದಲ ದಿನ ಏರಿತು. ಸರ್ಜನ್ ಹೇಳಿದ್ದರಲ್ಲ, ಸಹಜ. ಬಿಳಿ ಕಣ ಇಳಿದಿತ್ತು. ಸೋಡಿಯಂ ಚೇತರಿಸಿಕೊಂಡಿತ್ತು. ವಾರ್ಡಿನ ಹೆಂಗಸರಿಗೆಲ್ಲ ಇದು ಕ್ರಿಕೆಟ್ ಸ್ಕೋರಿನ ಹಾಗೆ ಆಯಿತು. "ಲೋಕಕ್ಕಾ, ಇವತ್ತೆಷ್ಟು?" ಎಂದು ಆ ತುದಿಯಿಂದ ಕೂಗುತ್ತಿದ್ದರು.

ಮುಂದಿನ ದಿನ ಅಂಕಿ ಇಳಿಯಲಿಲ್ಲ. ಅದರ ಮುಂದಿನ ದಿನ ಮತ್ತೆ ಏರಿತು.

ಅಂದು ಯಾರೂ ಕೂಗಲಿಲ್ಲ. ಲೋಕಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಸರ್ಜನ್ ಮತ್ತೆ ಥಿಯೇಟರಿಗೆ ಒಯ್ದರು. ನಾಗಶ್ರೀ ಕಾರಿಡಾರಿನಲ್ಲಿ ನಿಂತೇ ಇದ್ದಳು. ಬಾಗಿಲು ತೆರೆದಾಗ ಅವಳ ಕಣ್ಣು ಮೊದಲು ಹೋದದ್ದು ಅತ್ತೆಯ ಮುಖಕ್ಕಲ್ಲ, ಹೊದಿಕೆಯ ಬಲಭಾಗಕ್ಕೆ. ದಪ್ಪ ಬಟ್ಟೆ ಸುತ್ತಿದ ಕೈ ಇತ್ತು. ಅದರ ತುದಿಯಲ್ಲಿ ಐದು ಬೆರಳು ಇದ್ದವು. ಮೊಣಕೈಯ ಹಿಂದೆ ಒಂದು ಮೂಲೆಯಲ್ಲಿ ಸತ್ತ ಪದರ ಉಳಿದುಕೊಂಡಿತ್ತಂತೆ. ಅದೂ ಹೋಯಿತು.

ಅದೇ ಸಂಜೆ ಹೂವಪ್ಪ ಬಂದ. ನಡುವೆ ಎರಡು ಸಲ ಬಂದು ಬಾಗಿಲಲ್ಲಿ ನಿಂತು ಹೋಗಿದ್ದ. ಈ ಸಲ ಸ್ಟೂಲು ಎಳೆದುಕೊಂಡು ಕೂತ. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದ.

"ಏನ್ರೀ ಅದು?"

"ಈಳಿಗೆ. ಸೊಪ್ಪು ಹೆಚ್ಚಕೆ ಹೋಗಿ." ಅವನು ನೆಲ ನೋಡಿ ಮಾತಾಡಿದ. "ಅಲ್ವೇ, ಚರಗಕ್ಕೆ ನೂರೊಂದು ಬಗೆ ಸೊಪ್ಪಿನ ಕುಡಿ ಅಂತಾರಲ್ಲ, ಬೇಲಿಂದ ಕೊಯ್ಯಕೇ ನಂಗೂ ರಾಹುಲಂಗೂ ಮಧ್ಯಾಹ್ನಾತು. ಕೊಯ್ದು ತಂದ್ಮೇಲೆ ಆರಿಸ್ಬೇಕು ಅಂತ ಯಾರಿಗೆ ಗೊತ್ತಿತ್ತು? ಕಡುಬು ಹಬೇಲಿ ಇಟ್ರೆ ಗಂಜಿ ಆತು. ಹಂಗೇ, ನಿನ್ನ ಒಂಟಿ ಗಾಲಿ ಬುಟ್ಟೀಲೇ ತಗಂಡೋಗಿ ಚೆಲ್ಲಿ ಬಂದ್ವಿ."

"ಭೂಮ್ತಾಯಿ ಏನಂದ್ಲು?"

"ಉಗುಳ್ಲಿಲ್ಲ."

ಲೋಕಮ್ಮ ನಗತೊಡಗಿದಳು. ನಕ್ಕರೆ ಕೈ ನೋಯುತ್ತಿತ್ತು. ನೋವಾದಾಗ "ಅಯ್ಯೋ, ನೋವು!" ಎಂದು ಬಾಯಿಬಿಟ್ಟು ಕೂಗಿ ಮತ್ತೆ ನಕ್ಕಳು. ಹೂವಪ್ಪ ಗಾಬರಿಯಾಗಿ ಎದ್ದು, ಏನು ಮಾಡಬೇಕೆಂದು ತಿಳಿಯದೆ, ಲೋಟಕ್ಕೆ ನೀರು ಬಗ್ಗಿಸಿ ಅವಳ ಬಾಯಿಗೆ ಹಿಡಿದ. ಅರ್ಧ ಸೆರಗಿನ ಮೇಲೆ ಚೆಲ್ಲಿದ. ಅರ್ಧ ಅವಳು ಕುಡಿದಳು.

ಎರಡು ದಿನ ಬಿಟ್ಟು ದಿವ್ಯ ಮಧ್ಯಾಹ್ನದ ಹೊತ್ತಿಗೆ ಓಡುತ್ತಲೇ ಬಂದಳು. "ಲೋಕಕ್ಕಾ! ಅರ್ಧಕ್ಕರ್ಧ!" ವಾರ್ಡಿಗೆ ವಾರ್ಡೇ ಹೋ ಎಂದಿತು. ಮರುದಿನ ಇನ್ನೂ ಇಳಿಯಿತು. ಅದರ ಮರುದಿನ ಇನ್ನೂ. ಕ್ರಿಯಾಟಿನಿನ್ ನೆಟ್ಟಗಾಯಿತು. ಶುಗರಿಗೆ ಇನ್ಸುಲಿನ್ ಹತ್ತಿತು. ಅಂಕಿ ಎರಡಂಕಿಗೆ ಬಂದ ದಿನ ಸರ್ಜನ್ ಬಟ್ಟೆ ಬಿಚ್ಚಿ, ಗಾಯದಲ್ಲಿ ಗುಲಾಬಿ ಬಣ್ಣದ ಹೊಸ ಮಾಂಸ ಹುಟ್ಟುತ್ತಿರುವುದನ್ನು ತೋರಿಸಿ, "ಇನ್ನು ಕೊಯ್ಯೋದಿಲ್ಲ ಅಮ್ಮಾ. ಇನ್ನು ಮುಚ್ಚೋದೇ," ಎಂದರು. ತೊಡೆಯಿಂದ ತೆಳ್ಳಗೆ ಚರ್ಮ ತೆಗೆದು ಕೈಗೆ ಹೊದಿಸಿದರು. ಬೆರಳು ಬಗ್ಗಿಸುವುದನ್ನು ಕಲಿಸಲು ಒಬ್ಬರು ಬಂದರು. ಮೊದಲು ಹೆಬ್ಬೆರಳು ತೋರುಬೆರಳನ್ನು ಮುಟ್ಟಿತು. ಕಿರುಬೆರಳನ್ನು ಮುಟ್ಟಲು ಬಹಳ ಕಾಲ ಹಿಡಿಯಿತು.

ಅಷ್ಟು ಕಾಲವೂ ಲೋಕಮ್ಮನಿಗೆ ಯಾರಾದರೂ ಉಣಿಸಬೇಕಿತ್ತು. ಹೆಚ್ಚಾಗಿ ನಾಗಶ್ರೀ, ಕೆಲವು ಸಲ ರಾಹುಲ. ಮನೆಗೆ ಬಂದ ಮೇಲೆ ಹೂವಪ್ಪನೂ ಕಲಿತ. ತುತ್ತು ದೊಡ್ಡದಾಗುತ್ತಿತ್ತು. "ಎಮ್ಮೆಗೆ ಹಿಂಡಿ ಇಟ್ಟಂಗೆ ಇಡ್ತೀರಲ್ರೀ," ಎಂದು ಬೈಸಿಕೊಂಡು ಸಣ್ಣದು ಮಾಡಿದ. ಗಾಯಕ್ಕೆ ನೀರು ತಾಕಬಾರದು ಎಂದಿದ್ದರಿಂದ ಪಾತ್ರೆ ರಾಹುಲನ ಪಾಲಿಗೆ ಬಂತು. ಮೊದಮೊದಲು ಹಿತ್ತಲ ಬಾಗಿಲು ಹಾಕಿಕೊಂಡು ತಿಕ್ಕುತ್ತಿದ್ದ. ಆಮೇಲೆ ಸೆಖೆಯಾಗುತ್ತದೆಂದು ತೆರೆದ.

ಕೊನೆಯ ಪರೀಕ್ಷೆ ಶಿರಾಳಕೊಪ್ಪದಲ್ಲಿ, ಸಂತೆಯ ದಿನ. ನಾಗಶ್ರೀ ರಕ್ತ ತೆಗೆದಳು. ಈ ಸಲ ನರ ಮೊದಲ ಸಲಕ್ಕೇ ಸಿಕ್ಕಿತು. ಯಂತ್ರ ಕಿಣ್ ಎನ್ನುವವರೆಗೂ ಲೋಕಮ್ಮ ಬಾಗಿಲಲ್ಲೇ ನಿಂತಿದ್ದಳು.

"ನಾಲ್ಕು!" ಎಂದು ನಾಗಶ್ರೀ ಕೂಗಿದಳು. "ಅತ್ತೆ, ಸಿ.ಆರ್.ಪಿ. ನಾಲ್ಕು! ಎಲ್ಲರ ಹಂಗೇ!"

ಶರಣ್ಯ ಕೈ ತಿರುಗಿಸಿ ನೋಡಿ, ಮುಷ್ಟಿ ಕಟ್ಟಿಸಿ, ಬಿಡಿಸಿ, ಶುಗರಿನ ಗುಳಿಗೆ ತಪ್ಪಿಸಬಾರದೆಂದು ಗದರಿಸಿ ಕಳಿಸಿದಳು. ಹೊರಗೆ ಬಂದ ಮೇಲೆ, ಜೊತೆಗೆ ಬಂದಿದ್ದ ಹೂವಪ್ಪ ಗಂಟಲು ಸರಿಮಾಡಿಕೊಂಡ. "ಹಂಗಾರೆ... ರಕ್ತ ಸರಿಯಾತು. ಕೈಯೂ ಸರಿಯಾತು. ಇನ್ನು ಮನೆ ಕೆಲಸ ಎಲ್ಲ..."

"ಎಲ್ಲ?"

"ಅಲ್ಲ, ಕೇಳ್ದೆ ಅಷ್ಟೆ."

"ಮೊದ್ಲು ನಂಗೆ ಹಸಿವಾಗ್ತತೆ," ಎಂದಳು ಲೋಕಮ್ಮ. ಇದನ್ನೂ ಅವಳು ಬೀದಿಯಲ್ಲಿ ನಿಂತು ಹೇಳಿದ್ದು ಅದೇ ಮೊದಲು. ಎದುರಿಗಿದ್ದ ಹೋಟೆಲಿಗೆ ನಡೆದು, ಬಾಗಿಲ ಪಕ್ಕದ ಮೇಜಿಗೆ ಕೂತು, ದೋಸೆ ಹೇಳಿದಳು.

ದೋಸೆ ಬಂತು. ಹೂವಪ್ಪ ಅಭ್ಯಾಸಬಲದಿಂದ ಮುರಿದು ತುತ್ತು ಮಾಡಲು ಕೈ ಹಾಕಿದ. ಲೋಕಮ್ಮ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಬಲಗೈಯ ಚರ್ಮ ತೇಪೆ ಹಾಕಿದ ಹಾಗೆ ಬೇರೆ ಬೇರೆ ಬಣ್ಣವಾಗಿತ್ತು. ಬೆರಳುಗಳು ನಿಧಾನಕ್ಕೆ ಬಗ್ಗಿದವು. ದೋಸೆಯ ಅಂಚು ಕಟಕ್ಕೆಂದು ಮುರಿಯಿತು. ಮೊದಲ ಚೂರು ಜಾರಿ ತಟ್ಟೆಗೆ ಬಿತ್ತು. ಎರಡನೆಯದನ್ನು ಗಟ್ಟಿಯಾಗಿ ಹಿಡಿದು ಬಾಯಿಗೆ ಇಟ್ಟುಕೊಂಡಳು. ಕಣ್ಣು ಮುಚ್ಚಿ ಅಗಿದಳು.

ಹೊರಗೆ ಸೊರಬದ ಬಸ್ಸು ಹಾರನ್ ಹೊಡೆಯಿತು. ಹೂವಪ್ಪ ಅರ್ಧ ಎದ್ದ. "ಬಸ್ ಬಂತು ಕಣೇ."

"ಬರ್ಲಿ ಬಿಡ್ರೀ. ಅದ್ರ ಹಿಂದೆ ಇನ್ನೊಂದು ಐತೆ," ಎನ್ನುತ್ತ ಲೋಕಮ್ಮ ಚಟ್ನಿಗೆ ಕೈ ಚಾಚಿದಳು.